ಹಳೇ ಚಿಮ್ನಿ ಇರೋ ಮನೆಗೆ ಗ್ಯಾಸ್ ಫೈರ್ ಆಯ್ಕೆ ಮಾಡೋದು: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಲ್ಲಿ ಹಳೇ ಮನೆ ತಗೊಂಡಿರೋ ನಮ್ಮ ಕನ್ನಡದವರು ಅಕ್ಟೋಬರ್ ಬಂತು ಅಂದ್ರೆ ಇದೇ ಮಾತು ತೆಗೀತಾರೆ, ಹಾಲಲ್ಲಿ ಫೈರ್‌ಪ್ಲೇಸ್ ಖಾಲಿ ಬಿದ್ದಿದೆ, ಗ್ಯಾಸ್ ಫೈರ್ (ಗ್ಯಾಸ್ ಉರಿಸಿ ರೂಮ್ ಬೆಚ್ಚಗಿಡೋ ಹೀಟರ್) ಹಾಕಿಸೋಣ ಅಂತಿದೀವಿ, ಯಾವ್ದು ತಗೊಳ್ಳೋದು ಅಂತ. ಒಬ್ಬೊಬ್ಬರಿಗೂ ಫೋನಲ್ಲಿ ಹೇಳೋ ಬದಲು ಎಲ್ಲಾ ಒಂದೇ ಕಡೆ ಬರೆದಿಡ್ತಿದೀನಿ. ಇಲ್ಲಿರೋ ನಿಯಮಗಳು ಮುಖ್ಯವಾಗಿ ಇಂಗ್ಲೆಂಡಿಂದು, ಸ್ಕಾಟ್ಲೆಂಡಲ್ಲಿ ಇರೋರು ಅಲ್ಲಿಯ ನಿಯಮ ನೋಡ್ಕೊಳ್ಳಿ.

ಮೊದಲು ಏನು ನೋಡ್ಬೇಕು, ಫೈರಾ ಚಿಮ್ನಿನಾ?

ಚಿಮ್ನಿ. ಚಿಮ್ನಿ ಏನು ತಡ್ಕೊಳ್ಳತ್ತೋ ಆ ಫೈರ್ ತಗೋಬೇಕು, ಇಷ್ಟ ಆದ ಫೈರ್ ತಂದು ಚಿಮ್ನಿ ಒಳಗೆ ತುರುಕೋಕೆ ಆಗಲ್ಲ. ನಾವು 1930ರ ದಶಕದ ಸೆಮಿ ಡಿಟ್ಯಾಚ್ಡ್ (ಪಕ್ಕದ ಮನೆ ಜೊತೆ ಒಂದು ಗೋಡೆ ಹಂಚಿಕೊಂಡ) ಮನೆ ತಗೊಂಡಾಗ ಒಂದು ಶೋರೂಮಿಗೆ ಹೋಗಿ ಕಬ್ಬಿಣದ ಬುಟ್ಟಿ ಥರದ ಫೈರ್ ನೋಡಿ ಅಲ್ಲೇ ಮುಂಗಡ ಕೊಟ್ಟು ಬಂದ್ವಿ, ಅಂಗಡಿಯವರು ಮನೆ ಚಿಮ್ನಿ ಎಂಥದ್ದು ಅಂತ ಒಂದು ಮಾತೂ ಕೇಳ್ಲಿಲ್ಲ. ಎಂಜಿನಿಯರ್ ಬಂದು ಟಾರ್ಚ್ ಹಾಕಿ ಮೇಲೆ ನೋಡಿದ್ರೆ ಹಿಂದಿನವರು ಬ್ಯಾಕ್ ಬಾಯ್ಲರ್‌ಗೆ (ಫೈರ್‌ಪ್ಲೇಸ್ ಹಿಂದೆ ಕೂರೋ ಬಾಯ್ಲರ್) ಅಂತ ಇಳಿಸಿದ್ದ 5 ಇಂಚಿನ ಸ್ಟೀಲ್ ಲೈನರ್, ಅಂದ್ರೆ ಚಿಮ್ನಿಗೆ ಇಳಿಬಿಡೋ ಕೊಳವೆ, ಒಳಗೇ ಇತ್ತು, ಆ ಬುಟ್ಟಿ ಫೈರ್‌ಗೆ ಅಗಲವಾದ ಇಟ್ಟಿಗೆ ಫ್ಲೂನೇ (ಚಿಮ್ನಿ ಒಳಗಿನ ಹೊಗೆ ದಾರಿ) ಬೇಕು. ಮುಂಗಡದಲ್ಲಿ ಅರ್ಧ ಮಾತ್ರ ವಾಪಸ್ ಬಂತು. ಅದಕ್ಕೇ ಹೇಳ್ತಿರೋದು, ಮೊದಲು ಚಿಮ್ನಿ ಗುಡಿಸೋ ಸ್ವೀಪ್‌ನ ಕರೆಸಿ, ಆಮೇಲೆ ಗ್ಯಾಸ್ ಎಂಜಿನಿಯರ್, ಕೊನೇಲಿ ಅಂಗಡಿ.

ನಮ್ಮನೆ ಚಿಮ್ನಿ ಯಾವ ಥರದ್ದು ಅಂತ ಹೇಗೆ ಗೊತ್ತಾಗತ್ತೆ?

ರಸ್ತೆ ಆ ಕಡೆ ನಿಂತು ಮನೆ ಛಾವಣಿ ನೋಡಿ. ಇಟ್ಟಿಗೆ ಕಟ್ಟೆ, ಅದರ ಮೇಲೆ ಮಣ್ಣಿನ ಕುಂಡ ಬೋರಲು ಹಾಕ್ದಂಗೆ ಪಾಟ್‌ಗಳಿದ್ರೆ ಅದು ಸಾಂಪ್ರದಾಯಿಕ ಚಿಮ್ನಿ, ಇಲ್ಲಿಯವರು ಕ್ಲಾಸ್ 1 ಅಂತಾರೆ, ಫ್ಲೂ ಕನಿಷ್ಠ 7 ಇಂಚು ಅಂದ್ರೆ ಸುಮಾರು 175 ಮಿಲಿಮೀಟರ್ ಅಗಲ ಇರತ್ತೆ, ವಿಕ್ಟೋರಿಯನ್ ಮನೆಗಳಲ್ಲಿ ಸಾಮಾನ್ಯವಾಗಿ 9 ಇಂಚು ಚೌಕ. ಒಂದು ಫೈರ್‌ಪ್ಲೇಸಿಗೆ ಒಂದು ಫ್ಲೂ, ಒಂದು ಫ್ಲೂಗೆ ಒಂದು ಪಾಟ್ ಅನ್ನೋದು ಲೆಕ್ಕ. ಸೆಮಿ ಮನೆ ಆದ್ರೆ ಪಕ್ಕದ ಮನೆಯವರ ಪಾಟ್‌ಗಳೂ ಅದೇ ಕಟ್ಟೆ ಮೇಲೆ ಸಾಲಾಗಿರತ್ತೆ, ಅವುಗಳಲ್ಲಿ ನಿಮ್ಮದು ಯಾವ್ದು ಅಂತ ಸ್ವೀಪ್ ಬ್ರಷ್ ಮೇಲೆ ಬಂದಾಗ್ಲೇ ಖಾತ್ರಿ ಆಗೋದು.

ಪಾಟ್ ಇಲ್ಲದೆ ಲೋಹದ ಕೊಳವೆ ಒಂದು ಛಾವಣಿಯಿಂದ ಮೇಲೆ ಬಂದಿದ್ರೆ ಅದು ಕ್ಲಾಸ್ 2, ಸಾಮಾನ್ಯವಾಗಿ 5 ಇಂಚು. 1960ರ ದಶಕದಿಂದ ಈಚೆಗಿನ ಎಷ್ಟೋ ಮನೆಗಳಲ್ಲಿ ಗೋಡೆ ಒಳಗೇ ಕಾಂಕ್ರೀಟ್ ಬ್ಲಾಕಿನ ಸಪೂರ ಆಯತಾಕಾರದ ಫ್ಲೂ ಇರತ್ತೆ, ಅದು ಪ್ರಿಕಾಸ್ಟ್, ಅದಕ್ಕೆ ಆಳ ಕಮ್ಮಿ ಇರೋ ಸ್ಲಿಮ್ ಫೈರ್‌ಗಳೇ ಬೇಕು.

ಒಂದು ಮಾತು ನೆನಪಿಡಿ, ಕೆಳಗೆ ಫೈರ್‌ಪ್ಲೇಸ್ ಇದೆ ಅಂದ ಮಾತ್ರಕ್ಕೆ ಮೇಲೆ ಚಿಮ್ನಿ ಇದೆ ಅಂತಲ್ಲ. ಬೆಡ್‌ರೂಮಲ್ಲಿ ಜಾಗ ಸಿಗ್ಲಿ ಅಂತ ಮೇಲಿನ ಚಿಮ್ನಿ ಬ್ರೆಸ್ಟ್ (ರೂಮೊಳಗೆ ಮುಂದಕ್ಕೆ ಚಾಚಿರೋ ಚಿಮ್ನಿ ಗೋಡೆ) ಒಡೆದಿರ್ತಾರೆ, ಇಲ್ಲಾ ಪಾಟ್ ಬಾಯಿಗೆ ಮುಚ್ಚಳ ಹಾಕಿ ಸಿಮೆಂಟ್ ಮೆತ್ತಿರ್ತಾರೆ.

ಈ ಮನೆಗಳಲ್ಲಿ ಮುಂಚೆ ಕಲ್ಲಿದ್ದಲು ಉರಿಸ್ತಿದ್ರಲ್ಲ, ಅದೇ ಚಿಮ್ನಿ ಗ್ಯಾಸ್‌ಗೆ ಆಗಲ್ವಾ?

ಬಹಳ ಸಲ ಆಗತ್ತೆ, ಈ ದೇಶದಲ್ಲಿ ನಡೆದಿದ್ದೂ ಅದೇ. 1952ರ ಡಿಸೆಂಬರಲ್ಲಿ ಲಂಡನ್ನಿಗೆ ಕಲ್ಲಿದ್ದಲ ಹೊಗೆ ಮಂಜು ಸೇರಿ ಕವಿದು ಸಾವಿರಾರು ಜನ ಸತ್ರು, 1956ರಲ್ಲಿ ಹೊಗೆಗೆ ಕಡಿವಾಣ ಹಾಕೋ ಕ್ಲೀನ್ ಏರ್ ಆ್ಯಕ್ಟ್ ಬಂತು, ಆಮೇಲೆ 1967ರಿಂದ 77ರವರೆಗೆ ದೇಶದ ಮನೆಮನೆಗೂ ಹೋಗಿ ಉಪಕರಣಗಳನ್ನ ನಾರ್ತ್ ಸೀ ಸಮುದ್ರದಡಿ ಸಿಕ್ಕ ನೈಸರ್ಗಿಕ ಗ್ಯಾಸ್‌ಗೆ ಬದಲಾಯಿಸಿದ್ರು. ಕಲ್ಲಿದ್ದಲು ಉರೀತಿದ್ದ ಅದೇ ಗೂಡಿಗೆ ಗ್ಯಾಸ್ ಫೈರ್ ಬಂದು ಕೂತ್ಕೊಳ್ತು.

ಆದ್ರೆ ಗೂಡಿಗೆ ವಯಸ್ಸಾಗಿದೆ. ಹಳೇ ಕಾಲದಲ್ಲಿ ಫ್ಲೂ ಒಳಮೈಗೆ ಸುಣ್ಣದ ಗಾರೆ ಬಳಿಯೋರು, ಅದಕ್ಕೆ ಸಗಣಿ ಕೂಡ ಬೆರೆಸೋರು, ಹೌದು, ನಮ್ಮೂರಲ್ಲಿ ನೆಲ ಸಾರಿಸ್ತಾರಲ್ಲ ಅದೇ ಸಗಣಿ, ಬಿಸಿಗೆ ಗಾರೆ ಬಿರುಕು ಬಿಡದಂಗೆ ಹಿಡ್ಕೊಳ್ಳತ್ತೆ ಅಂತ. ನೂರು ವರ್ಷ ಮಸಿ ಕುಡಿದು ಅದು ಉದುರಿ ಹೋಗಿರತ್ತೆ, ಇಟ್ಟಿಗೆ ಸಂದೀಲಿ ಗಾರೆ ಸವೆದು ತೂತು ಬಿದ್ದಿರತ್ತೆ. ಆ ತೂತಿನಿಂದ ಉರಿದ ಗಾಳಿ ಮೇಲಿನ ಬೆಡ್‌ರೂಮಿಗೋ ಪಕ್ಕದ ಮನೆಗೋ ಸೋರ್ಬೋದು. ಅದಕ್ಕೇ ಮೊದಲು ಗುಡಿಸೋದು, ಆಮೇಲೆ ಹೊಗೆ ಪರೀಕ್ಷೆ.

ನಮ್ಮನೇಲಿ ಗುಡಿಸಿದ ದಿನ ನಾನು ಪಕ್ಕದಲ್ಲೇ ನಿಂತಿದ್ದೆ. ಫೈರ್‌ಪ್ಲೇಸ್ ಬಾಯಿಗೆ ಬಟ್ಟೆ ಕಟ್ಟಿ ಬ್ರಷ್‌ಗೆ ಒಂದೊಂದೇ ಕೋಲು ಸೇರಿಸ್ತಾ ಮೇಲೆ ತಳ್ಳಿದ್ರು, ನಾಲ್ಕನೇ ಕೋಲಿಗೆ ಸಿಕ್ಕಾಕೊಳ್ತು. ಜ್ಯಾಕ್‌ಡಾ ಅಂತ ಕಾಗೆ ಜಾತಿ ಹಕ್ಕಿ, ಅದು ಪಾಟ್ ಒಳಗೆ ಕಡ್ಡಿ ಮೇಲೆ ಕಡ್ಡಿ ಬೀಳಿಸಿ ಗೂಡು ಕಟ್ಟತ್ತೆ. ಎರಡು ಮೂಟೆ ಕಡ್ಡಿ, ಕುರಿ ಉಣ್ಣೆ, ಒಣಗಿದ ಮಣ್ಣು ಬಂತು ಕೆಳಗೆ. ಅದರ ಕೆಳಗೆ ಹಳೇ ಗ್ಯಾಸ್ ಫೈರ್ ಉರಿಸಿದ್ರೆ ಏನಾಗ್ತಿತ್ತು ಅಂತ ಆ ಮೂಟೆ ನೋಡ್ದಾಗ ಹೊಟ್ಟೇಲಿ ಸಂಕಟ ಆಯ್ತು, ಮನೇಲಿ ಆರು ತಿಂಗಳ ಮಗು ಇತ್ತು. ಹಕ್ಕಿ ಇನ್ನೊಂದು ಸಲ ಬರದಂಗೆ ಪಾಟ್ ಮೇಲೆ ಗ್ಯಾಸ್‌ಗೆ ಹೊಂದೋ ಜಾಲರಿ ಕೌಲ್ (ಪಾಟ್ ಬಾಯಿಗೆ ಕೂರೋ ಟೊಪ್ಪಿ) ಹಾಕಿಸಿ. ಕಲ್ಲಿದ್ದಲಿಗೋ ಖಾಲಿ ಚಿಮ್ನಿಗೋ ಅಂತ ಮಾರೋ ಮುಚ್ಚಳ ಹಾಕ್ಬೇಡಿ.

ಲೈನರ್ ಹಾಕಿಸ್ಲೇಬೇಕಾ?

ಇಟ್ಟಿಗೆ ಫ್ಲೂ ಸೋರದೆ ಚೆನ್ನಾಗಿ ಎಳೀತಿದ್ರೆ ಎಷ್ಟೋ ಫೈರ್‌ಗಳಿಗೆ ಬೇಡ. ಹೊಗೆ ಪರೀಕ್ಷೇಲಿ ಸೋರಿದ್ರೆ, ಇಲ್ಲಾ ಫೈರಿನ ಮ್ಯಾನ್ಯುಯಲ್ಲೇ ಬೇಕು ಅಂದಿದ್ರೆ ಬೇಕು. ಸುಕ್ಕುಸುಕ್ಕಾದ ಸ್ಟೇನ್‌ಲೆಸ್ ಸ್ಟೀಲ್ ಕೊಳವೆನ ಛಾವಣಿ ಮೇಲಿಂದ ಇಳಿಸ್ತಾರೆ. ಗ್ಯಾಸ್‌ಗೆ ಒಂದು ಪದರದ್ದು ಸಾಕಾಗತ್ತೆ, ಸೌದೆ ಒಲೆಗೆ ಬೇರೆ ಎರಡು ಪದರದ ದಪ್ಪ ಲೈನರ್ ಬೇಕು, ಮುಂದೆ ಯಾವಾಗಾದ್ರೂ ಸೌದೆ ಸ್ಟವ್‌ಗೆ ಹೋಗೋ ಆಸೆ ಇದ್ರೆ ಈಗ್ಲೇ ಹೇಳಿ. ಹಳೇ ಲೈನರ್ ಇದೆಯಲ್ಲ ಅದಕ್ಕೇ ಸಿಕ್ಕಿಸಿ ಅಂತ ಒತ್ತಾಯ ಮಾಡ್ಬೇಡಿ, ಹೊಸ ಫೈರ್ ಬಾಳೋಷ್ಟು ಕಾಲ ಅದೂ ಬಾಳತ್ತೆ ಅಂತ ಎಂಜಿನಿಯರ್‌ಗೆ ಅನ್ನಿಸಿದ್ರೆ ಮಾತ್ರ ಇಟ್ಕೋಬೋದು.

ಫೈರ್‌ಗಳಲ್ಲಿ ಎಷ್ಟು ಥರ ಇದೆ? ಹೆಸರು ಕೇಳಿದ್ರೇ ತಲೆ ಕೆಡತ್ತೆ.

ಇಟ್ಟಿಗೆ ಚಿಮ್ನಿ ಇರೋರಿಗೆ ನಾಲ್ಕು ಗೊತ್ತಿದ್ರೆ ಸಾಕು.

ಬುಟ್ಟಿ ಫೈರ್, ಅಂದ್ರೆ ಡೆಕೊರೇಟಿವ್. ತೆರೆದ ಗೂಡಲ್ಲಿ ಕಬ್ಬಿಣದ ಬುಟ್ಟಿ, ಅದರಲ್ಲಿ ಸೆರಾಮಿಕ್ ಕಲ್ಲಿದ್ದಲು, ದೊಡ್ಡ ಹಳದಿ ಜ್ವಾಲೆ. ವಿಕ್ಟೋರಿಯನ್ ಮನೇಲಿ ಇದರಷ್ಟು ಚಂದ ಯಾವ್ದೂ ಕಾಣಲ್ಲ, ಆದ್ರೆ ಹೆಸರೇ ಹೇಳೋ ಹಾಗೆ ಇದು ಅಲಂಕಾರಕ್ಕೆ. ಉರಿದ ಗ್ಯಾಸಲ್ಲಿ ಕಾಲು ಭಾಗದಷ್ಟು ಶಾಖ ಕೂಡ ರೂಮಿಗೆ ಬರೋದು ಕಷ್ಟ, ಮಿಕ್ಕಿದ್ದೆಲ್ಲಾ ಚಿಮ್ನೀಲಿ ಆಕಾಶಕ್ಕೆ.

ಇನ್‌ಸೆಟ್. ಗೂಡೊಳಗೆ ಕೂರೋ ಪೆಟ್ಟಿಗೆ, ಮುಂದೆ ತೆರೆದಿರತ್ತೆ. ಇಲ್ಲಿ ಫೈರ್‌ಪ್ಲೇಸ್ ಬಾಯಿ ಸಾಮಾನ್ಯವಾಗಿ 16 ಇಂಚು ಅಗಲ 22 ಇಂಚು ಎತ್ತರ, ಬಹುಪಾಲು ಇನ್‌ಸೆಟ್‌ಗಳನ್ನ ಆ ಅಳತೆಗೇ ಮಾಡಿರ್ತಾರೆ. ಶಾಖ ಅರ್ಧದ ಆಸುಪಾಸು ಸಿಗತ್ತೆ.

ಗಾಜಿನ ಮುಖದ ಇನ್‌ಸೆಟ್. ಮೇಲಿನದ್ದಕ್ಕೇ ಗಾಜು ಮುಚ್ಚಿದ್ದು, ನೂರಕ್ಕೆ 70ರಿಂದ 90ರವರೆಗೂ ಹೋಗತ್ತೆ. ರೂಮಿನ ಬಿಸಿ ಗಾಳಿ ಚಿಮ್ನಿಗೆ ಓಡಿ ಹೋಗೋದನ್ನ ಗಾಜು ತಡೆಯತ್ತೆ. ಯಾರಾದ್ರೂ ಕೇಳಿದ್ರೆ ನಾನು ಹೇಳೋದು ಇದನ್ನೇ, ನಮ್ಮನೇಲೂ ಕೊನೆಗೆ ಬಂದಿದ್ದು ಇದೇ, ಹೊಸ ಲೈನರ್ ಜೊತೆ.

ಔಟ್‌ಸೆಟ್. ಗೂಡಿನ ಮುಂದೆ ಹಾರ್ತ್ (ಕಲ್ಲಿನ ಹಾಸು) ಮೇಲೆ ನಿಲ್ಲೋ ಹಳೇ ಥರದ್ದು, ಅಜ್ಜಿ ಮನೆ ಹೀಟರ್ ಹಾಗೆ ಕಾಣತ್ತೆ ಅಂತ ಜನ ಮೂಗು ಮುರೀತಾರೆ, ಆದ್ರೆ ಚಿಕ್ಕ ರೂಮಿಗೆ ಇದು ಗಟ್ಟಿ ಕೆಲಸಗಾರ, ಇನ್‌ಸೆಟ್‌ಗಿಂತ ಜಾಸ್ತಿನೇ ಶಾಖ ಕೊಡತ್ತೆ.

ಇನ್ನು ಬ್ಯಾಲೆನ್ಸ್ಡ್ ಫ್ಲೂ ಅಂತ ಇದೆ, ಹೊರಗೋಡೆಯಿಂದ್ಲೇ ಗಾಳಿ ತಗೊಂಡು ಅಲ್ಲೇ ಬಿಡತ್ತೆ, ಚಿಮ್ನಿ ಕೆಟ್ಟೋಗಿದ್ರೆ ಅಥವಾ ಇಲ್ಲದೇ ಇದ್ರೆ ಒಳ್ಳೇದು. ಹೊಗೆ ದಾರಿನೇ ಇಲ್ಲದ ಫ್ಲೂಲೆಸ್ ಫೈರ್ ಬಗ್ಗೆ ಕೇಳೋರಿಗೆ ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ, ಚಿಮ್ನಿ ಇರೋ ಮನೇಲಿ ಅದು ಬೇಡ. ನೂರಕ್ಕೆ ನೂರು ಶಾಖ ರೂಮಲ್ಲೇ ಉಳಿಯತ್ತೆ ನಿಜ, ಅದರ ಜೊತೆ ಉರಿದ ಗಾಳಿ, ನೀರಾವಿ ಎಲ್ಲಾನೂ ರೂಮಲ್ಲೇ ಉಳಿಯತ್ತೆ.

ಖರ್ಚು ಎಷ್ಟು ಬರತ್ತೆ?

ಅಂಗಡಿ ಚೀಟೀಲಿ ಎರಡು ಅಂಕಿ ಇರತ್ತೆ, ಇನ್‌ಪುಟ್ ಮತ್ತೆ ಔಟ್‌ಪುಟ್. ಮೀಟರ್ ಓಡೋದು ಇನ್‌ಪುಟ್‌ಗೆ, ಮೈ ಬೆಚ್ಚಗಾಗೋದು ಔಟ್‌ಪುಟ್‌ಗೆ. 7 ಕಿಲೋವ್ಯಾಟ್ ಇನ್‌ಪುಟ್ ಇರೋ ತೆರೆದ ಫೈರ್ ಅರ್ಧ ಶಾಖ ಕೊಟ್ರೆ ರೂಮಿಗೆ ಸಿಗೋದು 3.5. ಅದೇ 3.5 ಬೇಕು ಅಂದ್ರೆ ನೂರಕ್ಕೆ 80 ಕೊಡೋ ಗಾಜಿನ ಫೈರ್ 4.4 ಕಿಲೋವ್ಯಾಟ್ ಅಷ್ಟೇ ಉರಿಸತ್ತೆ. ಗ್ಯಾಸ್ ಯೂನಿಟ್‌ಗೆ (ಒಂದು ಕಿಲೋವ್ಯಾಟ್ ಗಂಟೆಗೆ) 7 ಪೆನ್ಸ್ ಅಂತ ಇಟ್ಕೊಂಡ್ರೆ ಮೊದಲನೇದಕ್ಕೆ ಗಂಟೆಗೆ 49 ಪೆನ್ಸ್, ಎರಡನೇದಕ್ಕೆ 31. ನಿಮ್ಮ ಬಿಲ್ಲಲ್ಲಿರೋ ದರ ಹಾಕಿ ನೀವೇ ಲೆಕ್ಕ ಮಾಡ್ಕೊಳ್ಳಿ. ದಿನಾ ಸಂಜೆ ನಾಲ್ಕು ಗಂಟೆ ಉರಿಸೋರಿಗೆ ಈ ವ್ಯತ್ಯಾಸ ಚಳಿಗಾಲ ಮುಗಿಯೋಷ್ಟರಲ್ಲಿ ಚೆನ್ನಾಗೇ ಕಾಣತ್ತೆ, ಹಬ್ಬಕ್ಕೆ ಹುಣ್ಣಿಮೆಗೆ ಹಚ್ಚೋರಿಗೆ ಕಾಣಲ್ಲ, ಅಂಥವರು ಬುಟ್ಟಿ ಫೈರ್ ಹಾಕ್ಕೊಂಡ್ರೂ ತಪ್ಪೇನಿಲ್ಲ.

ಗೋಡೇಲಿ ಗಾಳಿ ತೂತು ಮಾಡ್ಬೇಕು ಅಂತಾರೆ, ಬಿಟ್ಬಿಡ್ಬೋದಾ?

ಹಳೇ ಮನೆಗಳಲ್ಲಿ 7 ಕಿಲೋವ್ಯಾಟ್ ಒಳಗಿನ ಇನ್‌ಸೆಟ್, ಔಟ್‌ಸೆಟ್‌ಗಳಿಗೆ ಸಾಮಾನ್ಯವಾಗಿ ಬೇಕಾಗಲ್ಲ, ಬಾಗಿಲು ಕಿಟಕಿ ಸಂದೀಲಿ ಬರೋ ಗಾಳಿನೇ ಸಾಕು ಅನ್ನೋ ಲೆಕ್ಕ. ಬುಟ್ಟಿ ಫೈರ್‌ಗೆ ಸಾಮಾನ್ಯವಾಗಿ 100 ಚದರ ಸೆಂಟಿಮೀಟರ್ ವೆಂಟ್ ಬೇಕು. ಆದ್ರೆ ನೀವು ಹೊಸ ಡಬಲ್ ಗ್ಲೇಜಿಂಗ್ ಹಾಕಿಸಿ, ನೆಲಕ್ಕೆ ಇನ್ಸುಲೇಷನ್ ಮಾಡ್ಸಿ, ಬಾಗಿಲಿಗೆ ರಬ್ಬರ್ ಅಂಟಿಸಿದ್ರೆ ಆ ಸಂದಿ ಗಾಳಿ ಎಲ್ಲಿಂದ ಬರ್ಬೇಕು, ಮನೆಗೆ ಏನೇನು ಮಾಡ್ಸಿದೀರಿ ಅಂತ ಎಂಜಿನಿಯರ್‌ಗೆ ಎಲ್ಲಾ ಹೇಳಿ. ಮೊದಲೇ ವೆಂಟ್ ಇದ್ರೆ ಚಳಿ ಬರತ್ತೆ ಅಂತ ಟೇಪ್ ಹಾಕಿ ಮುಚ್ಚೋರನ್ನ ನೋಡಿದೀನಿ, ದಯವಿಟ್ಟು ಆ ಕೆಲಸ ಮಾಡ್ಬೇಡಿ, ಸೋಫಾ ಹಿಂದೆ ಮುಚ್ಚಿಹೋಗೋಕೂ ಬಿಡ್ಬೇಡಿ.

ಅಡುಗೆಮನೇಲಿ ದೊಡ್ಡ ಎಕ್ಸ್‌ಟ್ರಾಕ್ಟರ್ ಇದೆ, ಅದಕ್ಕೂ ಇದಕ್ಕೂ ಏನು ಸಂಬಂಧ?

ಇದು ಯಾರೂ ಕೇಳದೇ ಇರೋ ಪ್ರಶ್ನೆ, ನಾನೇ ಸೇರಿಸಿದೀನಿ, ಯಾಕಂದ್ರೆ ನಮ್ಮಂಥವರ ಮನೆಗೆ ಇದೇ ಮುಖ್ಯ.

ನಾವು ಊರಲ್ಲಿ ಒಲೆ ಮೇಲಿನ ಹುಡ್‌ಗೇ ಚಿಮಣಿ ಅಂತೀವಿ. ಇಲ್ಲಿ ಅದೂ ಇದೆ, ಹಾಲಲ್ಲಿ ನಿಜವಾದ ಚಿಮ್ನಿನೂ ಇದೆ, ಇಬ್ಬರೂ ಒಂದೇ ಮನೆ ಗಾಳಿಗೆ ಜಗ್ಗಾಡ್ತಾರೆ. ಇಟ್ಟಿಗೆ ಚಿಮ್ನಿಗೆ ಮೋಟಾರ್ ಇಲ್ಲ, ಬಿಸಿ ಗಾಳಿ ಹಗುರ ಆಗಿ ತಾನಾಗೇ ಮೇಲಕ್ಕೆ ಹೋಗೋದಷ್ಟೇ ಅದರ ಶಕ್ತಿ, ಊರಲ್ಲಿ ಹಂಡೆ ಒಲೆಗೆ ಬೆಂಕಿ ಹಚ್ಚಿದಾಗ ಮೊದಲು ಹೊಗೆ ಎಲ್ಲಾ ಬಚ್ಚಲಿಗೇ ನುಗ್ಗಿ, ಗೂಡು ಬಿಸಿಯಾದ್ಮೇಲೆ ಸರಾಗ ಮೇಲೆ ಹೋಗತ್ತಲ್ಲ ಹಾಗೆ. ಹುಡ್‌ಗೆ ಮೋಟಾರ್ ಇದೆ. ಮೆಣಸಿನಕಾಯಿ ಒಗ್ಗರಣೆ ಹಾಕಿದ್ರೆ ಫೈರ್ ಅಲಾರಂ ಹೊಡ್ಕೊಳ್ಳತ್ತೆ ಅಂತ ನಾವು ಹುಡ್ಡನ್ನ ಮೂರನೇ ಸ್ಪೀಡಿಗೆ ಇಟ್ಟು ಕಿಟಕಿ ಹಾಕ್ಕೊಂಡು ಅಡುಗೆ ಮಾಡ್ತೀವಿ. ಹೊರಗೆ ಬಿಡೋ ಹುಡ್ ಆದ್ರೆ ಮನೆ ಗಾಳಿ ಎಳೆದೆಳೆದು ಹೊರಗೆ ಹಾಕತ್ತೆ, ಆ ಖಾಲಿ ತುಂಬೋಕೆ ಗಾಳಿ ಎಲ್ಲಿಂದಾದ್ರೂ ಬರ್ಲೇಬೇಕು, ಸುಲಭವಾದ ದಾರಿ ಹಾಲಿನ ಚಿಮ್ನಿ. ಆಗ ಮೇಲೆ ಹೋಗ್ಬೇಕಾದ ಉರಿದ ಗಾಳಿ ಕೆಳಕ್ಕೆ ತಿರುಗಿ ಮಕ್ಕಳು ಆಡ್ತಿರೋ ರೂಮಿಗೆ ಬರತ್ತೆ. ಗಾಜಿನ ಮುಖ ಇದ್ರೂ ಅದು ರೂಮ್ ಗಾಳಿನೇ ತಗೊಳ್ಳೋ ಫೈರ್ ಆಗಿದ್ರೆ ಇದೇ ಕಥೆ.

ಅದಕ್ಕೇ ಸ್ಪಿಲೇಜ್ ಟೆಸ್ಟ್ ಅಂತ ಇದೆ. ಫೈರ್ ಹಚ್ಚಿ ಕೆಲವು ನಿಮಿಷ ಬಿಸಿಯಾದ್ಮೇಲೆ ಎಂಜಿನಿಯರ್ ಹೊಗೆ ಕಡ್ಡಿ ಹಚ್ಚಿ ಫೈರಿನ ಬಾಯಿ ಮೇಲಂಚಿಗೆ ಹಿಡೀತಾರೆ. ಹೊಗೆ ದಾರದ ಹಾಗೆ ಒಳಗೆ ಎಳ್ಕೊಂಡು ಹೋದ್ರೆ ಸರಿ, ಅಂಚಲ್ಲೇ ತಡವರಿಸಿ ರೂಮ್ ಕಡೆ ಸುರುಳಿ ಸುತ್ತಿದ್ರೆ ಫೇಲ್. ಈ ಟೆಸ್ಟನ್ನ ಮನೆಯ ಎಲ್ಲಾ ಫ್ಯಾನ್ ಪೂರ್ತಿ ಸ್ಪೀಡಲ್ಲಿಟ್ಟು, ಕಿಟಕಿ ಹೊರಬಾಗಿಲು ಮುಚ್ಚಿ, ಫ್ಯಾನ್ ಇರೋ ರೂಮಿಗೂ ಫೈರ್ ಇರೋ ರೂಮಿಗೂ ನಡುವಿನ ಬಾಗಿಲು ತೆರೆದಿಟ್ಟು ಇನ್ನೊಂದು ಸಲ ಮಾಡ್ಬೇಕು. ನೀವೇ ಹೋಗಿ ಹುಡ್ ಆನ್ ಮಾಡಿ, ದಿನಾ ಅಡುಗೆಗೆ ಯಾವ ಸ್ಪೀಡ್ ಇಡ್ತೀರೋ ಅದಕ್ಕಿಂತ ಒಂದು ಜಾಸ್ತಿನೇ ಇಡಿ, ಪಕ್ಕದಲ್ಲಿ ನಿಂತು ಹೊಗೆ ಎತ್ತ ಹೋಗತ್ತೆ ಅಂತ ಕಣ್ಣಾರೆ ನೋಡಿ. ಫೇಲ್ ಆದ್ರೆ ವೆಂಟ್ ಜಾಸ್ತಿ ಮಾಡಿ ಮತ್ತೆ ಟೆಸ್ಟ್ ಮಾಡ್ತಾರೆ, ಆಗ್ಲೂ ಆಗ್ಲಿಲ್ಲ ಅಂದ್ರೆ ಆ ಫೈರ್ ಬೇಡ, ಬ್ಯಾಲೆನ್ಸ್ಡ್ ಫ್ಲೂ ಕಡೆ ಹೋಗಿ. ಮುಂದೆ ಯಾವಾಗಾದ್ರೂ ಹೊಸ ಹುಡ್ ಹಾಕಿಸಿದ್ರೂ ಟೆಸ್ಟ್ ಹೊಸದಾಗಿ ಮಾಡಿಸಿ.

ಕಾರ್ಬನ್ ಮೊನಾಕ್ಸೈಡ್ ಅಲಾರಂ ಎಲ್ಲಿ ಹಾಕೋದು?

ಗ್ಯಾಸ್ ಸರಿಯಾಗಿ ಉರೀದೇ ಇದ್ದಾಗ ಹುಟ್ಟೋ ಆ ವಿಷ ಗಾಳಿಗೆ ಬಣ್ಣ ಇಲ್ಲ ವಾಸನೆ ಇಲ್ಲ, ತಲೆನೋವು, ತಲೆಸುತ್ತು, ವಾಕರಿಕೆ, ಸುಸ್ತು ಬರತ್ತೆ, ಜ್ವರ ಬರೋ ಹಾಗಿದೆ ಅಂತ ಜನ ಮಲಗಿಬಿಡ್ತಾರೆ. ಮನೆಯಿಂದ ಹೊರಗೆ ಹೋದಾಗ ಕಮ್ಮಿಯಾಗಿ ಒಳಗೆ ಬಂದಾಗ ಮತ್ತೆ ಶುರುವಾದ್ರೆ ಅನುಮಾನ ಪಡಿ. ಇಂಗ್ಲೆಂಡಲ್ಲಿ 2022ರ ಅಕ್ಟೋಬರಿಂದ ಹೊಸದಾಗಿ ಗ್ಯಾಸ್ ಫೈರ್ ಹಾಕಿಸಿದ್ರೆ ಆ ರೂಮಲ್ಲಿ ಅಲಾರಂ ಇರ್ಲೇಬೇಕು. ಬಿಎಸ್ ಇಎನ್ 50291 ಅನ್ನೋ ಗುಣಮಟ್ಟದ ಗುರುತು ಬರೆದಿರೋದು ತಗೊಳ್ಳಿ. ಫೈರಿಂದ 1ರಿಂದ 3 ಮೀಟರ್ ದೂರ, ಗೋಡೆ ಮೇಲಾದ್ರೆ ಬಾಗಿಲು ಕಿಟಕಿಗಿಂತ ಎತ್ತರ, ಸೀಲಿಂಗಿಂದ 15 ಸೆಂಟಿಮೀಟರ್ ಕೆಳಗೆ, ಪರದೆ ಹಿಂದೆ ಬೇಡ. ಚಿಮ್ನಿ ಹಾದು ಹೋಗೋ ಮೇಲಿನ ಬೆಡ್‌ರೂಮಿಗೂ ಒಂದು ಹಾಕಿ ಅಂತ ನಾನು ಹೇಳೋದು.

ಅಲಾರಂ ಹೊಡ್ಕೊಂಡ್ರೆ ಫೈರ್ ಆರಿಸಿ, ಕಿಟಕಿ ಬಾಗಿಲು ತೆಗೆದು ಎಲ್ಲರೂ ಹೊರಗೆ ಬಂದು 0800 111 999ಕ್ಕೆ ಫೋನ್ ಮಾಡಿ, ಅದು 24 ಗಂಟೆ ಇರೋ ಗ್ಯಾಸ್ ತುರ್ತು ನಂಬರ್.

ನಮ್ಮ ಹಳ್ಳೀಲಿ ಪೈಪ್ ಗ್ಯಾಸ್ ಇಲ್ಲ, ಎಲ್‌ಪಿಜಿಲಿ ನಡೆಯತ್ತಾ?

ನಡೆಯತ್ತೆ, ಆದ್ರೆ ಎಲ್‌ಪಿಜಿಗೆ ಅಂತ ಮಾಡಿದ ಮಾಡೆಲ್ಲೇ ಬೇಕು. ಪೈಪಲ್ಲಿ ಬರೋ ಗ್ಯಾಸ್ ಗಾಳಿಗಿಂತ ಹಗುರ, ಸೋರಿದ್ರೆ ಮೇಲೆ ಹೋಗತ್ತೆ, ಎಲ್‌ಪಿಜಿ ಭಾರ, ನೆಲದಲ್ಲೇ ಹರಡಿಕೊಳ್ಳತ್ತೆ, ಊರಲ್ಲಿ ಸಿಲಿಂಡರ್ ಜೊತೆ ಬೆಳೆದ ನಮಗೆ ಇದು ಗೊತ್ತಿರೋದೇ. ಹಾಗಾಗಿ ನೆಲಮಾಳಿಗೆ ರೂಮಿಗೆ ಅದನ್ನ ಯೋಚನೆ ಮಾಡ್ಬೇಡಿ.

ಯಾರ ಹತ್ರ ಹಾಕಿಸೋದು?

ಗ್ಯಾಸ್ ಕೆಲಸಕ್ಕೆ ಅನುಮತಿ ಇರೋರ ಅಧಿಕೃತ ಪಟ್ಟಿ, ಅಂದ್ರೆ ಗ್ಯಾಸ್ ಸೇಫ್ ರಿಜಿಸ್ಟರಲ್ಲಿ ಇರೋರು ಮಾತ್ರ. 2009ರ ಏಪ್ರಿಲ್ 1ಕ್ಕಿಂತ ಮುಂಚೆ ಕೋರ್ಗಿ ಅಂತಿತ್ತು, ಈಗ್ಲೂ ಅದೇ ಹೆಸರು ಹೇಳ್ಕೊಂಡು ಬರೋರನ್ನ ಒಳಗೆ ಬಿಡ್ಬೇಡಿ. ಕಾರ್ಡ್ ಕೇಳಿ, ಮುಂದಿನ ಫೋಟೋ ನೋಡಿ ಅಷ್ಟಕ್ಕೇ ಸುಮ್ನಾಗ್ಬೇಡಿ, ಹಿಂದೆ ತಿರುಗಿಸಿ, ಯಾವ ಯಾವ ಕೆಲಸಕ್ಕೆ ಅರ್ಹತೆ ಇದೆ ಅಂತ ಅಲ್ಲಿರತ್ತೆ. ಬಾಯ್ಲರ್‌ಗೆ ಇದ್ದು ಗ್ಯಾಸ್ ಫೈರ್‌ಗೆ ಇಲ್ಲದೇ ಇರ್ಬೋದು. ಕೆಲಸ ಮುಗಿದ್ಮೇಲೆ ಬಿಲ್ಡಿಂಗ್ ರೆಗ್ಯುಲೇಷನ್ಸ್ ಸರ್ಟಿಫಿಕೇಟ್ ಮನೆಗೆ ಬರತ್ತೆ, ಮನೆ ಮಾರೋವಾಗ ವಕೀಲರು ಕೇಳ್ತಾರೆ, ಎತ್ತಿಡಿ. ಲಿಸ್ಟೆಡ್ ಬಿಲ್ಡಿಂಗ್ (ಪಾರಂಪರಿಕ ಅಂತ ಸರ್ಕಾರ ಪಟ್ಟಿ ಮಾಡಿದ ಕಟ್ಟಡ) ಆಗಿದ್ರೆ ಹಳೇ ಫೈರ್‌ಪ್ಲೇಸ್ ಮುಟ್ಟೋ ಮುಂಚೆ ಕೌನ್ಸಿಲ್ ಒಪ್ಪಿಗೆ.

ಬಾಡಿಗೆ ಮನೇಲಿದೀವಿ, ಹಳೇ ಗ್ಯಾಸ್ ಫೈರ್ ಇದೆ.

ಮನೆ ಓನರ್ ವರ್ಷಕ್ಕೊಂದು ಸಲ ಚೆಕ್ ಮಾಡಿಸ್ಲೇಬೇಕು, 28 ದಿನದೊಳಗೆ ಆ ಚೆಕ್ ದಾಖಲೆಯ ಪ್ರತಿ ನಿಮ್ಮ ಕೈಗೆ ಬರ್ಬೇಕು. ಬಂದಿಲ್ಲ ಅಂದ್ರೆ ಕೇಳಿ, ಬರೋವರೆಗೂ ಹಚ್ಚಬೇಡಿ.

ಬೆಡ್‌ರೂಮಿಗೆ ಹಾಕಿಸ್ಬೋದಾ?

ಕಾನೂನು ಪೂರ್ತಿ ಬೇಡ ಅನ್ನಲ್ಲ, 14 ಕಿಲೋವ್ಯಾಟ್ ಒಳಗಿದ್ದು ರೂಮ್ ಗಾಳಿ ಕೆಟ್ಟ ತಕ್ಷಣ ತಾನೇ ಆರೋ ಸಾಧನ ಇರ್ಬೇಕು, ಇಲ್ಲಾ ರೂಮ್ ಗಾಳಿ ಮುಟ್ಟದ ಸೀಲ್ಡ್ ಮಾಡೆಲ್ ಆಗಿರ್ಬೇಕು. ನಾನಾದ್ರೆ ಮಲಗೋ ರೂಮಿಗೆ ರೇಡಿಯೇಟರ್ ಅಷ್ಟೇ.

ಆ ಸೆರಾಮಿಕ್ ಕಲ್ಲಿದ್ದಲು ನಮಗೆ ಬೇಕಾದಂಗೆ ಜೋಡಿಸ್ಬೋದಾ? ಸಾಂಬ್ರಾಣಿ ಹಾಕ್ಬೋದಾ?

ಎರಡೂ ಬೇಡ. ಮ್ಯಾನ್ಯುಯಲ್ಲಲ್ಲಿ ಒಂದೊಂದು ತುಂಡು ಎಲ್ಲಿ ಕೂರ್ಬೇಕು ಅಂತ ಚಿತ್ರ ಇರತ್ತೆ, ಆಚೀಚೆ ಆದ್ರೆ ಜ್ವಾಲೆ ಸರಿಯಾಗಿ ಉರೀದೆ ಮಸಿ ಕಟ್ಟತ್ತೆ. ಕಾಗದ, ಕಿತ್ತಳೆ ಸಿಪ್ಪೆ, ಸಾಂಬ್ರಾಣಿ, ಕರ್ಪೂರ ಯಾವ್ದೂ ಎಸೀಬೇಡಿ. ಕಲ್ಲಿದ್ದಲಿನ ಮೇಲೆ ಕಪ್ಪು ಕಂಡ್ರೆ, ಫೈರ್ ಮೇಲಿನ ಗೋಡೆ ಕಂದು ಬಣ್ಣಕ್ಕೆ ತಿರುಗಿದ್ರೆ, ಕಿಟಕೀಲಿ ನೀರು ಜಾಸ್ತಿ ಕಟ್ಟಿದ್ರೆ, ಪೈಲಟ್ ಜ್ವಾಲೆ (ಫೈರ್ ಹೊತ್ತಿಸೋ ಚಿಕ್ಕ ಜ್ವಾಲೆ) ಮೇಲಿಂದ ಮೇಲೆ ಆರಿದ್ರೆ ಉರಿಸೋದು ನಿಲ್ಲಿಸಿ ಎಂಜಿನಿಯರ್ ಕರೀರಿ. ಇಲ್ಲದಿದ್ರೂ ವರ್ಷಕ್ಕೊಂದು ಸರ್ವೀಸ್, ಸೆಪ್ಟೆಂಬರಲ್ಲೇ ಮಾಡಿಸಿ, ನವೆಂಬರಲ್ಲಿ ಎಂಜಿನಿಯರ್ ಸಿಗಲ್ಲ.

ಮಕ್ಕಳಿದಾರೆ.

ಗಾಜಿನ ಫೈರ್ ಸೇಫ್ ಅನ್ಕೋಬೇಡಿ, ಆ ಗಾಜು ಮುಟ್ಟಿದ್ರೆ ಚರ್ಮ ಸುಟ್ಟೋಗೋಷ್ಟು ಕಾಯತ್ತೆ, ಆರಿಸಿದ್ಮೇಲೂ ತುಂಬಾ ಹೊತ್ತು ಬಿಸಿ ಇರತ್ತೆ. ಬಿಎಸ್ 8423 ಗುರುತಿರೋ ಫೈರ್‌ಗಾರ್ಡ್ ತಂದು ಗೋಡೆಗೆ ಕೊಕ್ಕೆ ಹಾಕಿ ಬಿಗೀರಿ, ಸುಮ್ನೆ ನಿಲ್ಲಿಸಿದ್ರೆ ಮಗು ಹಿಡ್ಕೊಂಡು ಎದ್ದು ನಿಲ್ಲೋವಾಗ ಅದರ ಜೊತೆಗೇ ಮುಂದಕ್ಕೆ ಬೀಳತ್ತೆ.

ಬೇಸಿಗೇಲಿ ಚಿಮ್ನಿಯಿಂದ ತಣ್ಣನೆ ಗಾಳಿ ಮಸಿ ವಾಸನೆ ಬರತ್ತೆ, ಚಿಮ್ನಿ ಒಳಗೆ ಊದಿ ಕೂರಿಸೋ ಬಲೂನ್ ಹಾಕಿ ಮುಚ್ಚಬೋದಾ?

ಗ್ಯಾಸ್ ಫೈರ್ ಜೋಡಿಸಿರೋ ಫ್ಲೂಗೆ ಬಲೂನ್, ಬಟ್ಟೆ, ಉಣ್ಣೆ ಏನೂ ಬೇಡ. ಅಕ್ಟೋಬರಲ್ಲಿ ಚಳಿ ಬಿತ್ತು ಅಂತ ಯಾರೋ ಒಬ್ಬರು ರಿಮೋಟ್ ಒತ್ತಿರ್ತಾರೆ, ಒಳಗೆ ಬಲೂನ್ ಇರೋದು ನಿಮಗೊಬ್ಬರಿಗೇ ಗೊತ್ತಿರತ್ತೆ. ಮಳೆ ಬಂದ್ಮೇಲೆ ವಾಸನೆ ಜಾಸ್ತಿ ಅಂದ್ರೆ ನೀರು ಇಳೀತಿದೆ ಅಂತ ಅರ್ಥ, ಕೌಲ್ ನೋಡಿಸಿ, ಪಾಟ್ ಸುತ್ತಲಿನ ಗಾರೆ ಬಿರುಕು ಬಿಟ್ಟಿದ್ಯಾ ಅಂತಾನೂ ನೋಡಿಸಿ. ಉಪಯೋಗಿಸದೇ ಇರೋ ಮಿಕ್ಕಿದ ಫ್ಲೂಗಳಿಗೆ ಬಲೂನ್ ಹಾಕ್ಬೋದು, ಒಳಗೆ ತೇವ ಕಟ್ಟದಂಗೆ ಸ್ವಲ್ಪ ಗಾಳಿ ಆಡೋ ಥರದ್ದು ತಗೊಂಡು, ಯಾವ ಫ್ಲೂಗೆ ಹಾಕಿದೀರಿ ಅಂತ ಒಂದು ಚೀಟಿ ಬರೆದು ಫೈರ್‌ಪ್ಲೇಸ್ ಬಾಯಿಗೆ ನೇತು ಹಾಕಿ.